ಗುರುರಾಜ ಭಾವನ ಮ್ಯಾಂಡ್ರೆಲ್

ನಮ್ಮ ಗುರುರಾಜ ಭಾವ ದೆಹಲಿ ಬಳಿಯ ಮಾನೇಸರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ, ಲೇತ್ ಯಂತ್ರದ ಮೇಲೆ ಲೋಹ ಕಡೆಯುವ ಟರ್ನರ್. ಅವರ ಜೀವವೆಲ್ಲ ಮ್ಯಾಂಡ್ರೆಲ್ ಎಂಬ ಗೇಣುದ್ದದ ಉಕ್ಕಿನ ಸರಳಿನಲ್ಲಿದೆ. ಬುಷ್ ಎಂಬ ತೂತಿರುವ ಲೋಹದ ತುಂಡನ್ನು ಅದಕ್ಕೆ ತೊಡಿಸಿ, ಸರಳಿನ ಎರಡೂ ತುದಿಯ ಕುಳಿಗಳಿಗೆ ಲೇತಿನ ಮೊನೆ ಕೂಡಿಸಿ ತಿರುಗಿಸಿದರೆ, ಬುಷ್ಷಿನ ಹೊರಮೈ ಒಳತೂತಿಗೆ ಸರಿಯಾಗಿ ದುಂಡಗಾಗುತ್ತದೆ. ಅವರು ಹೇಳಿ ಹೇಳಿ, ಸರ್ಕಾರಿ ಕಚೇರಿಯಲ್ಲಿ ಕಡತ ತಳ್ಳುವ ನನಗೂ ಇದು ಬಾಯಿಪಾಠವಾಗಿದೆ.

ಕಾರ್ಖಾನೆಯಲ್ಲಿ ವಿಶ್ವಕರ್ಮ ಪೂಜೆ ಆಗಿದ್ದರೂ ಭಾವನಿಗೆ ಸಮಾಧಾನವಿಲ್ಲ. ಆಯುಧಪೂಜೆಗೆ ಮ್ಯಾಂಡ್ರೆಲ್ ಮನೆಗೆ ಬರಲೇಬೇಕು. ನಮ್ಮಕ್ಕ ರತ್ನಪ್ರಭಾ ಗಂಧ ಕುಂಕುಮ ಹಚ್ಚಲು ಕೂತರೆ ಮಿಕ್ಸಿ, ಸ್ಕೂಟರು, ಗ್ಯಾಸ್ ಸಿಲಿಂಡರು ಯಾವುದನ್ನೂ ಬಿಡುವವಳಲ್ಲ. ಈ ಸಲ ಅವಳ ಕೈ ಇನ್ನೂ ಧಾರಾಳವಾಗಿತ್ತು. ಭಾವನಿಗೆ ಐವತ್ತೆಂಟು ತುಂಬುತ್ತಿತ್ತು. ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಎಂಬುದು ದೀಪಾವಳಿಯೊಳಗೆ ತೀರ್ಮಾನವಾಗಬೇಕಿತ್ತು.

ಹಬ್ಬ ಮುಗಿಸಿ ಕೆಲಸಕ್ಕೆ ಹೋದ ದಿನವೇ ಅವರು ಮಾಡಿದ ಬುಷ್‌ಗಳೆಲ್ಲ ತಪಾಸಣೆಯಿಂದ ವಾಪಸು ಬಂದವು. ತೂತಿನ ಕೇಂದ್ರವೇ ಬೇರೆ, ಹೊರಮೈಯ ಕೇಂದ್ರವೇ ಬೇರೆ. ಮರುದಿನವೂ ಅದೇ ಕಥೆ. ಭಾವ ಲೇತ್ ಪರೀಕ್ಷಿಸಿದರು, ಟೂಲ್ ಬದಲಿಸಿದರು, ಕೊನೆಗೆ ತಮ್ಮ ಕೈಯನ್ನೇ ಅನುಮಾನಿಸತೊಡಗಿದರು. ಮನೆಯಲ್ಲಿ ಚಹಾದ ಲೋಟ ಹಿಡಿದು ನಡುಗುತ್ತದೆಯೇ ಎಂದು ದಿಟ್ಟಿಸುವುದು, ಒಂದು ಕಣ್ಣು ಮುಚ್ಚಿ ಕ್ಯಾಲೆಂಡರ್ ಓದುವುದು. ಹಬ್ಬಕ್ಕೆ ಬಂದವನು ರಜೆ ಹಾಕಿ ಅವರ ಮನೆಯಲ್ಲೇ ಉಳಿದಿದ್ದ ನನಗೆ ಸಿಟ್ಟು ಬರುತ್ತಿತ್ತು. ಅಕ್ಕನಿಗೆ ಊಟ ಸೇರುತ್ತಿರಲಿಲ್ಲ.

ಶುಕ್ರವಾರ ಭಾವ ತಾವಾಗಿಯೇ ಮ್ಯಾನೇಜರ್ ಬಳಿ ಹೋಗಿ, ನನ್ನ ಕೈ ಕೆಟ್ಟಿತು, ಕೆಲಸ ಬೇರೆಯವರಿಗೆ ಕೊಡಿ ಎಂದುಬಿಟ್ಟರು. ಆತ ತಲೆಯೆತ್ತದೆ "ಅಚ್ಛಾ" ಎಂದನಂತೆ.

ಇನ್ನು ಕೆಲಸ ಮುಗಿಯಿತೆಂದು, ಮನೆಗೆ ತರಲು ಭಾವ ತಮ್ಮ ಮ್ಯಾಂಡ್ರೆಲ್ ಒರೆಸುವಾಗ ಒಂದು ತುದಿಯ ಕುಳಿಯಲ್ಲಿ ಏನೋ ಕಪ್ಪಗೆ ಗಟ್ಟಿಯಾಗಿರುವುದು ಕಂಡಿತು. ಪೂಜೆಯ ಕುಂಕುಮ ಒರೆಸಬಾರದು, ಕೆಲಸ ಮಾಡುತ್ತ ತಾನಾಗಿ ಹೋಗಬೇಕು ಎಂದು ಅವರು ತುದಿಗಳನ್ನು ಮುಟ್ಟಿರಲಿಲ್ಲ. ಬೆಂಕಿಕಡ್ಡಿಯಿಂದ ಕೆರೆದರೆ ಕೆಂಪು ಉದುರಿತು. ಒಣಗಿದ ಗಂಧದ ಮೇಲೆ ಲೇತಿನ ಮೊನೆ ಓರೆಯಾಗಿ ಕೂರುತ್ತಿತ್ತು. ಕುಳಿ ತೊಳೆದು ಒಂದು ಬುಷ್ ಮಾಡಿದರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅದನ್ನು ಹಿಡಿದು ಮತ್ತೆ ಮ್ಯಾನೇಜರ್ ಬಳಿ ಓಡಿದರು. "ಕೈಯಲ್ಲ ಸಾಬ್, ಕುಂಕುಮ," ಎಂದು ಇದ್ದದ್ದನ್ನೆಲ್ಲ ಹೇಳಿದರು. ಆತ ಬುಷ್ ಅಳೆಸಿ ನೋಡಿ, ಇನ್ನೊಂದು ವರ್ಷ ಇರಿ ಎಂದ.

ದಾರಿಯಲ್ಲೇ ಫೋನ್ ಮಾಡಿ ಭಾವ ಇಷ್ಟನ್ನೂ ನನಗೆ ಹೇಳಿದ್ದರು. ಮನೆಗೆ ಬಂದಾಗ ಅಕ್ಕ ಏನಾಗಿತ್ತೆಂದು ಕೇಳಿದಳು.

"ಏನಿಲ್ಲ ರತ್ನಾ, ಒಂಚೂರು ಧೂಳು ಕೂತಿತ್ತು. ಇನ್ನೊಂದು ವರ್ಷ ಇರಿ ಅಂದಿದ್ದಾರೆ."

"ನೋಡಿದ್ರಾ, ನಾನು ಅಷ್ಟೊಂದು ಕುಂಕುಮ ಇಟ್ಟಿದ್ದು ಸುಮ್ನೆ ಹೋಗ್ಲಿಲ್ಲ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

ನಾನು ಬಾಯಿ ತೆರೆದೆ. ಭಾವ ನನ್ನ ಕಡೆ ಒಮ್ಮೆ ನೋಡಿ, ಮ್ಯಾಂಡ್ರೆಲನ್ನು ಬಟ್ಟೆಯಲ್ಲಿ ಸುತ್ತಿಟ್ಟರು.