ಹರಿಹರದ ಜಗಲಿ ಬಿಟ್ಟದ್ದು

ಸಿಟ್ಟು ಮಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಮೆಲ್ಲಗೆ ಮಾತಾಡುವುದನ್ನು, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನು. ತವರಿನಲ್ಲಿ ಅಜ್ಜಿ ಕಲಿಸಿದ್ದು ಲಿಂಗಪೂಜೆಯಾಗದೆ ಹನಿ ನೀರನ್ನೂ ಬಾಯಿಗೆ ಹಾಕಬಾರದೆಂಬುದನ್ನು. ಇವೆರಡನ್ನೂ ಸೆರಗಿಗೆ ಕಟ್ಟಿಕೊಂಡು ದಾವಣಗೆರೆಗೆ ಸೊಸೆಯಾಗಿ ಬಂದೆ.

ಅದು ಅರವತ್ತನೇ ಇಸವಿಯ ಆಸುಪಾಸು. ಯಜಮಾನರು ಹತ್ತಿ ಮಿಲ್ಲೊಂದರ ಆಫೀಸಿನಲ್ಲಿದ್ದರು. ಅಲ್ಲಿ ಜನ ಕಡಿಮೆ ಮಾಡಿದಾಗ ಇವರ ಕೆಲಸವೂ ಹೋಯಿತು. ನಮ್ಮತ್ತೆಯ ಅಣ್ಣ ಹರಿಹರದಲ್ಲಿ ದೊಡ್ಡ ವ್ಯಾಪಾರಸ್ಥರು, ಮಿಲ್ಲಿನ ಮಾಲೀಕರ ಪಕ್ಕ ಊಟಕ್ಕೆ ಕೂರುವವರು. "ನಮ್ಮಣ್ಣ ಒಂದ್ ಮಾತು ಹೇಳಿದ್ರೆ ಮುಗೀತು," ಎಂದರು ಅತ್ತೆ. ಆ ಒಂದು ಮಾತಿಗಾಗಿ ಇವರು ಮತ್ತೆ ಮತ್ತೆ ಹರಿಹರಕ್ಕೆ ಹೋಗಿ ಆ ಸೋದರಮಾವನ ಜಗಲಿಯ ಮೇಲೆ ಕೂತರು. ಮಾವ ಒಳಗಿಂದ ಬಂದು, "ಆಗ್ತೈತೆ ಬಿಡಪ್ಪ, ಅವಸರ ಯಾಕ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು. ಇವರು ಬರೀ ಕೈಯಲ್ಲಿ ಬಂದದ್ದನ್ನು ನೋಡಿ ನೋಡಿ ಅತ್ತೆ ನನ್ನನ್ನು ಕಳಿಸತೊಡಗಿದರು. "ಅವರ ಮನ್ಯಾಗೆ ಮದುವಿ ಐತೆ. ಹೆಣ್ಮಕ್ಕಳು ಒಳಗೆ ಹೋಗಿ ಕೈಗೂಡ್ಸಿದ್ರೆ ಮನಸ್ಸು ಕರಗ್ತೈತೆ."

ಕರಗಿದ್ದು ನನ್ನ ಬೆರಳಿನ ತುದಿಗಳು. ಮದುವೆಯ ಶ್ಯಾವಿಗೆ ಎಂದರೆ ರಾಶಿ. ಉದ್ದನೆಯ ಮಣೆಯ ಮೇಲೆ ಕಾಲು ಇಳಿಬಿಟ್ಟು ಕೂತು, ನಾದಿದ ಹಿಟ್ಟನ್ನು ಅಂಗೈಯಲ್ಲಿ ಒತ್ತಿ ಹೊಸೆಯಬೇಕು. ಎಳೆ ಹರಿಯಬಾರದು, ದಪ್ಪವಾಗಬಾರದು. ಆ ಮನೆಯ ಯಜಮಾನಿ, ಮಾವನ ಹೆಂಡತಿ, ನನ್ನ ಎಳೆ ಎತ್ತಿ ಹಿಡಿದು ಉಳಿದ ಹೆಂಗಸರಿಗೆ ತೋರಿಸುತ್ತಿದ್ದರು. "ಇಂಗ್ಲೀಷ್ ಶ್ಯಾವಿಗಿ ನೋಡ್ರವ್ವಾ, ಇದನ್ನ ಹಗ್ಗ ಮಾಡ್ಕೊಂಡು ಎಮ್ಮಿ ಕಟ್ಟಬಹುದು!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೆಳಗಿನ ಗಾಡಿ ಹಿಡಿಯಬೇಕಾದ್ದರಿಂದ ಮನೆಯಲ್ಲಿ ಸ್ನಾನ ಮಾತ್ರ ಮಾಡಿ, ಪೂಜೆಯನ್ನು ಹರಿಹರದಲ್ಲಿ ಮಾಡಿಕೊಳ್ಳುತ್ತಿದ್ದೆ. ಆವತ್ತು ಹೋದವಳೇ ವಿಭೂತಿ ಕೇಳಿದೆ.

"ಪೂಜಿ ಆಮ್ಯಾಲೆ ಮಾಡ್ಕೊಂಡ್ರಾತು. ಹಿಟ್ಟು ಒಣಗ್ತೈತೆ, ಕೂಡು," ಎಂದರು ಯಜಮಾನಿ.

"ನಾನಿನ್ನೂ ನೀರೂ ಕುಡಿದಿಲ್ಲ ಅತ್ತಿ."

"ಲಿಂಗಪ್ಪ ಎಲ್ಲಿಗೂ ಓಡಿ ಹೋಗಲ್ಲ, ನಿನ್ ಕೊಳ್ಳಾಗೇ ಇರ್ತಾನ. ನಿನ್ ಗಂಡನ ಕೆಲಸ ಓಡಿ ಹೋದೀತು, ನೋಡ್ಕೋ!"

ಮತ್ತೆ ನಗು. ನಾನು ಕೂತೆ. ಬಿಸಿಲೇರಿತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು. ಎಲ್ಲರಿಗೂ ಮಂಡಕ್ಕಿ ಬಂತು, ಚಹಾ ಬಂತು. ಅಷ್ಟರಲ್ಲಿ ಮಾವ ಹೊರಗಿಂದ ಬಂದರು. ಮೈಯೆಲ್ಲ ಕಣ್ಣಾಗಿ ತಲೆಯೆತ್ತಿ ನೋಡಿದೆ. ಅವರ ಹುಬ್ಬು ಸಡಿಲವಾಗಿದೆಯೇ? ಎಲೆ ಅಡಿಕೆ ಜಗಿಯುತ್ತಿದ್ದಾರೆಯೇ? ಜಗಿಯುತ್ತಿದ್ದರೆ ಒಳ್ಳೆಯ ಮನಸ್ಸಿನಲ್ಲಿದ್ದಾರೆಂದು ಅರ್ಥ. ಅವರು ನನ್ನತ್ತ ನೋಡದೆ ಒಳಗೆ ಹೋದರು.

ಆಗ ಹೊತ್ತಿಕೊಂಡಿತು ನನಗೆ. ಇಷ್ಟು ದಿನ ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಕಣ್ಣು ನೆಟ್ಟರೂ ಒಳಗೆ ಮೂಡುತ್ತಿದ್ದುದು ಈ ಮುಖ, ಈ ಹುಬ್ಬು, ಈ ಜಗಿಯುವ ದವಡೆ! ನನ್ನ ದೇವರ ಜಾಗದಲ್ಲಿ ಬಂದು ಕೂತಿದ್ದಾನೆ ಈ ಮನುಷ್ಯ. ಕೂರಿಸಿದವರು ಯಾರೆಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಎಳೆ ಅರ್ಧಕ್ಕೇ ಬಿಟ್ಟು ಎದ್ದೆ.

"ಯಾಕ, ಎತ್ಲಾಗೆ?"

"ಪೂಜೆಗೆ," ಎಂದೆ. ಬಾಗಿಲನ್ನು ಎಳೆದುಕೊಂಡ ಸದ್ದಿಗೆ ನಾನೇ ಬೆಚ್ಚಿದೆ.

ನೆಟ್ಟಗೆ ಹೊಳೆಗೆ ಹೋದೆ. ತುಂಗಭದ್ರೆ ಬೇಸಿಗೆಗೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಕೈಗೆ ಮೆತ್ತಿ ಒಣಗಿದ ಹಿಟ್ಟನ್ನು ತಿಕ್ಕಿ ತಿಕ್ಕಿ ತೊಳೆದೆ, ಉಗುರಿನ ಸಂದಿಯದು ಹೋಗಲೇ ಇಲ್ಲ. ವಿಭೂತಿಯಿಲ್ಲ, ಪತ್ರೆಯಿಲ್ಲ. ಬರೀ ನೀರು ಹಾಕಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಬೇಡಲಿಲ್ಲ, ಬೈದೆ. ನಿನ್ನನ್ನು ಎದೆಯ ಮೇಲೆ ಕಟ್ಟಿಕೊಂಡು ಕಂಡವರ ಜಗಲಿ ಕಾದೆನಲ್ಲ, ಸುಮ್ಮನೆ ನೋಡುತ್ತ ಇದ್ದೆಯಾ? ಇವರ ಕೆಲಸ ಬರಲಿ, ಬಿಡಲಿ, ಇನ್ನು ಆ ಚಿಂತೆ ನಿನ್ನದು. ನಾನು ಹೊರಲಾರೆ. ಹಾಗೆಂದು ಬೊಗಸೆ ನೀರು ಕುಡಿದೆ. ಆ ನೀರು ಗಂಟಲಿನಿಂದ ಹೊಟ್ಟೆಯವರೆಗೆ ಇಳಿದದ್ದು ತಿಳಿಯಿತು.

ಮನೆಯಲ್ಲಿ ಅತ್ತೆ ಹಣೆ ಬಡಿದುಕೊಂಡರು. "ಕೈಯಾರೆ ಕೆಡಿಸಿ ಬಂದ್ಯಲ್ಲೇ! ಇನ್ನ ನಿನ್ ದೇವರು ಬಂದು ಕೆಲಸ ಕೊಡಿಸ್ತಾನೇನು?"

"ಕೊಡಿಸದೇ ಇದ್ರೂ ನೀರಿಲ್ಲದಂಗೆ ಕೂರ್ಸಲ್ಲ," ಎಂದೆ.

ಮರುದಿನ ಅತ್ತೆಯ ಒತ್ತಾಯಕ್ಕೆ ಯಜಮಾನರು ಕ್ಷಮೆ ಕೇಳಲು ಹರಿಹರಕ್ಕೆ ಹೊರಟು ನಿಂತಾಗ ನಾನು ಹೊಸ್ತಿಲ ಮೇಲೆ ನಿಂತೆ.

"ಅಲ್ಲಿಗೆ ಹೋಗಬ್ಯಾಡ್ರಿ."

"ಮತ್ತೆಲ್ಲಿಗೆ ಹೋಗ್ಲೇ?"

"ಈ ಊರಾಗೆ ಅಂಗಡಿ ಇಲ್ಲೇನು? ಯಾರ ಹೆಸರೂ ಹೇಳಬ್ಯಾಡ್ರಿ. ಲೆಕ್ಕ ಬರಿಯೋಕೆ ಬರ್ತೈತೆ ಅಂತ ಹೇಳ್ರಿ, ಸಾಕು."

ದಿನಗಳು ಹೋದವು. ಬೇಗ ಏನೂ ಆಗಲಿಲ್ಲ. ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಜೋಳದ ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡು ತಿಂದೆವು. ಕೊನೆಗೆ ಹತ್ತಿ ದಲಾಲಿ ಅಂಗಡಿಯೊಂದರವರು ಇವರನ್ನು ಇಟ್ಟುಕೊಂಡರು. ಸಂಬಳ ಮಿಲ್ಲಿಗಿಂತ ಕಡಿಮೆ. ಆ ಅಂಗಡಿಯವರಿಗೆ ಹರಿಹರದ ಮಾವ ಯಾರೆಂಬುದೂ ಗೊತ್ತಿರಲಿಲ್ಲ.

ಆದರೆ ಮದುವೆಯ ಪಂಕ್ತಿಯಲ್ಲಿ ಕೂತು ಮಾವ ಹೇಳಿದರಂತೆ, "ನಮ್ಮ ತಂಗಿ ಮಗನ್ನ ನಾನೇ ಹೇಳಿ ಕೆಲಸಕ್ಕ ಹಚ್ಚಿಸಿದೆ" ಎಂದು. ಅತ್ತೆ ಅದನ್ನು ಕೇಳಿ ಬಂದು ಹಿಗ್ಗಿಹೋದರು. "ನೋಡ್ದ್ಯಾ? ನೀ ಅಷ್ಟು ಮಾಡಿದ್ರೂ ಅಣ್ಣ ಕೈ ಬಿಡಲಿಲ್ಲ. ನಾಳೆ ಇಬ್ರೂ ಹೋಗಿ ಕಾಲಿಗೆ ಬಿದ್ದು ಬರ್ರಿ."

"ಯಾರ ಕಾಲಿಗೆ ಬೀಳಬೇಕೋ ಬಿದ್ದಾಗೈತೆ," ಎಂದೆ. ಮೆಲ್ಲಗೆ ಹೇಳಲಿಲ್ಲ, ಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕತೊಡಗಿದರು. ನಾನು ಪಡಸಾಲೆಯಲ್ಲಿ ಚಾಪೆ ಹಾಸಿ, ಹಾಡುಹಗಲೇ, ಗೋಡೆಗೆ ಮುಖ ಮಾಡಿ ಮಲಗಿದೆ. ಸಿಟ್ಟು ಇಳಿದಿರಲಿಲ್ಲ. ಆದರೂ ನಿದ್ದೆ ಬಂತು.