ಬಚ್ಚಲ ಒಲೆಯಲ್ಲಿ ಬೆಂದ ಪಾಸ್ತಾ

ಓವನ್ ಇಲ್ಲದ ಮನೆಯಲ್ಲಿ ಬಚ್ಚಲ ಒಲೆಯೇ ಓವನ್ ಎಂದು ತೀರ್ಮಾನಿಸಿದ ಮಹಾಮೂರ್ಖ ನಾನೇ. "ಇವತ್ತು ನೀನು ಅಡಿಗೆಮನೆಗೆ ಕಾಲಿಡ್ಬೇಡ, ರಾತ್ರಿ ಊಟ ನಂದು" ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಟಿ.ವಿ.ಯಲ್ಲಿ ನೋಡಿದ್ದ, ಅರ್ಧ ಮೆಕ್ಸಿಕೊ ಅರ್ಧ ಇಟಲಿಯ ಅಡುಗೆ ಅದು. ಬೇಯಿಸಿದ ಪಾಸ್ತಾಕ್ಕೆ ರಾಜ್ಮಾ, ಟೊಮೆಟೊ, ಖಾರ ಕಲಸಿ, ಬಾಳೆಹೊನ್ನೂರಿನಿಂದ ತಂದ ಚೀಸ್ ತುರಿದು ಹರಡಿ, ಹಲಸಿನ ಬೀಜ ಸುಡುವ ಹಾಗೆ ಪಾತ್ರೆಯನ್ನು ಒಲೆಯ ಕೆಂಡದ ಮೇಲಿಟ್ಟು ಬಂದೆ.

ನಮ್ಮ ಮನೆಯಲ್ಲಿ ಸ್ನಾನಕ್ಕೆ ಹೋದವರು ಮೊದಲು ಒಲೆಗೆ ಸೌದೆ ನೂಕಿಯೇ ನೀರು ಮುಟ್ಟುವುದು. ಅಪ್ಪ ಅದನ್ನೇ ಮಾಡಿದರು. ಸ್ವಲ್ಪ ಹೊತ್ತಿಗೆ ಬಚ್ಚಲಿಂದ ಕೂಗು: "ಒಲೆ ಒಳಗೆ ಎಂತ ಇಟ್ಟಿದ್ದೀಯ ಮಾರಾಯ? ಹೊಗೆ ಕುಡ್ದು ಸಾಯ್ತೀನಿ!"

ಪಾತ್ರೆ ಎಳೆದು ನೋಡಿದರೆ ಚೀಸ್ ಹೋಗಿ ಡಾಂಬರು ಆಗಿತ್ತು. ಅಮ್ಮ ಅಕ್ಕಿ ತೊಳೆಯಲು ಎದ್ದರು. ನಾನು ಬಿಡುತ್ತೇನೆಯೇ? ಕೈಹಿಡಿದು ಕೂರಿಸಿದೆ. ಮೇಲಿನ ಕಪ್ಪು ಕೆರೆದು, ತಳದಲ್ಲಿ ಸೀದದ್ದನ್ನು ಬಿಟ್ಟು, ನಡುವೆ ಬದುಕಿ ಉಳಿದಿದ್ದನ್ನು ಎಲ್ಲರಿಗೂ ಬಡಿಸಿದೆ.

ತಟ್ಟೆ ಖಾಲಿ ಮಾಡಿ ಅಮ್ಮ ಹೇಳಿದರು: "ರುಚಿ ಎಂತದೂ ಗೊತ್ತಾಗ್ಲಿಲ್ಲ ಮಾರಾಯ. ಆದ್ರೆ ಕೂತಲ್ಲಿಗೇ ಊಟ ಬಂತು. ನಾಳೆನೂ ಸುಟ್ಟು ಹಾಕು."