ತೊಂಬತ್ತು ಕೆಜಿಯ ಗಾಳಿಪಟ

ಹೋದ ಭಾನುವಾರ ಬೆಳಿಗ್ಗೆ ನನ್ನ ಭಾವ ಪಂಪಾಪತಿಯನ್ನು ಒಂದು ಗಾಳಿಪಟ ಎತ್ತಿಕೊಂಡು ಹೋಯಿತು.

ತಮಾಷೆಯಲ್ಲ. ತೊಂಬತ್ತು ಕೆಜಿ ಮನುಷ್ಯ. ರಾರಾವಿ ಕಡೆ ಹೊಳೆದಂಡೆಯ ಉಸುಕಿನಲ್ಲಿ ನಿಂತಿದ್ದವನು ನಿಂತ ಹಾಗೇ ಆಳೆತ್ತರ ಮೇಲೆ ಹೋದ. ನಾಲ್ಕು ಮಾರು ದೂರದಲ್ಲಿ ಭುಜ ಊರಿ ಬಿದ್ದ. ಬಿದ್ದ ಮೇಲೂ ಪಟ ಅವನನ್ನು ಬಿಡಲಿಲ್ಲ, ಜಾಲಿ ಗಿಡದ ತನಕ ಎಳೆದುಕೊಂಡೇ ಹೋಯಿತು.

ಆ ಪಟ ಆರಿಸಿಕೊಟ್ಟ ಪುಣ್ಯಾತ್ಮ ಯಾರು ಗೊತ್ತೇ? ನಾನು. ಅದಕ್ಕೇ ಈ ವಾರ ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಅಡುಗೆಮನೆ ತನಕ ಹೋಗಿ ನೀರು ಕುಡಿದು ಬಂದಿದ್ದೇನೆ. ಬಾಯಾರಿಕೆಯೇನೂ ಇರಲಿಲ್ಲ.

ಕಥೆ ಶುರುವಾದದ್ದು ಭಾವನ ಮಗಳು ಚೈತ್ರಾಳಿಂದ. ಅಕ್ಕನ ಒಬ್ಬಳೇ ಮಗಳು, ದೈಹಿಕ ಶಿಕ್ಷಣದ ವಿದ್ಯಾರ್ಥಿನಿ, ಕಡ್ಡಿ ಪೈಲ್ವಾನಿ. ಬೇಸಿಗೆ ರಜೆಯಲ್ಲಿ ಗೆಳತಿಯರ ಜೊತೆ ಗೋವಾಕ್ಕೆ ಹೋದವಳು ಹತ್ತು ದಿನ ಕೈಟ್ ಸರ್ಫಿಂಗ್ ಕಲಿತು ಬಂದಳು. ಕಾಲಿಗೆ ಹಲಗೆ, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಗಾಳಿಪಟ. ಪಟ ಎಳೆಯುತ್ತದೆ, ನೀವು ನೀರಿನ ಮೇಲೆ ಜಾರುತ್ತೀರಿ. (ಬೀಳುತ್ತೀರಿ ಎಂದು ಓದಿಕೊಳ್ಳಿ.) ಅವಳ ಕೈಚಳಕ ನೋಡಿದ ಕೋಚ್ ಒಂದು ಮಾತು ಹೇಳಿದ್ದರಂತೆ: ಸ್ವಂತ ಪಟ ಇಟ್ಟುಕೊಂಡು ನೆಲದ ಮೇಲೆ ಚೆನ್ನಾಗಿ ಪಳಗಿಕೋ, ಮಳೆಗಾಲ ಮುಗಿದ ಮೇಲೆ ನಮ್ಮ ಶಾಲೆಗೇ ಸಹಾಯಕಿಯಾಗಿ ಬಾ.

ಹುಡುಗಿ ಬಳ್ಳಾರಿಗೆ ಬಂದಿಳಿದಾಗ ಕಣ್ಣಲ್ಲಿ ಸಮುದ್ರವೇ ಇತ್ತು. ಕೈಯಲ್ಲಿ ಒಂದು ಚೀಟಿ. 'ಮೊದಲ ಪಟ: ಏಳು ಚದರ ಮೀಟರ್. ನನ್ನ ತೂಕ: ನಲವತ್ತಾರು.'

ಇಲ್ಲಿ ಒಂದು ವಿಷಯ ಹೇಳಬೇಕು. ಈ ಪಟಗಳ ಲೆಕ್ಕ ನಮ್ಮ ತಲೆಗೆ ಸುಲಭಕ್ಕೆ ಇಳಿಯುವುದಿಲ್ಲ. ಹಗುರ ಮನುಷ್ಯನಿಗೆ ಸಣ್ಣ ಪಟ. ಗಾಳಿ ಜೋರಾದಷ್ಟೂ ಇನ್ನೂ ಸಣ್ಣ ಪಟ. ದೊಡ್ಡ ಪಟ ಬೇಕಾಗುವುದು ಗಾಳಿ ಇಲ್ಲದಾಗ, ಇಲ್ಲವೇ ಸವಾರನ ಮೈ ಭಾರವಾಗಿದ್ದಾಗ. ಹೊಸದಾಗಿ ಕಲಿಯುವವರಿಗಂತೂ ಸಣ್ಣದೇ ಕ್ಷೇಮ. ನಾನು ಸೈಬರ್ ಸೆಂಟರಿನಲ್ಲಿ ಎರಡು ತಾಸು ಕೂತು ಇದನ್ನೆಲ್ಲ ಓದಿದೆ. ಅಂದರೆ ನನಗೆ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಭಾವನಿಗೆ ಚೀಟಿ ತೋರಿಸಿದೆ.

"ಏಳು?" ಅಂದ. "ಇದಕ್ಕಿಂತ ದೊಡ್ಡದು ಇಲ್ಲೇನ್ರಿ ಮೇಷ್ಟ್ರ?"

"ಹದಿನಾಲ್ಕು ಐತಿ."

"ಮತ್ತ ಅದನ್ನ ಬಿಟ್ಟು ಏಳು ತರಾಕ ನನಗೇನು ಹುಚ್ಚು ಹಿಡದೈತಾ? ಮಂದಿ ನೋಡಿದ್ರ ಏನಂದಾರು? ಪಂಪಣ್ಣ ಮಗಳಿಗೆ ಅರ್ಧ ಪಟ ಕೊಡಿಸ್ಯಾನ ಅನ್ನಂಗಿಲ್ಲ?"

ಭಾವನನ್ನು ಬೈಯುವ ಮೊದಲು ನಮ್ಮ ಬಳ್ಳಾರಿಯನ್ನೊಮ್ಮೆ ನೋಡಿ. ಕುರುಗೋಡಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡಿದ್ದವನು ಅದಿರಿನ ಲಾರಿ ಬಿಟ್ಟ. ಈಗ ಮನೆ ಮುಂದೆ ನಿಲ್ಲುವ ಕಾರು ಓಣಿಗಿಂತ ಅಗಲ. ಇವನೊಬ್ಬನೇ ಅಲ್ಲ. ಊರಿಗೆ ಊರೇ ಎದ್ದು ನಿಂತಿದೆ, ಯಾರೂ ಕೂರುತ್ತಿಲ್ಲ. ಊಟದ ನಡುವೆ ಫೋನು, ಪೂಜೆಯ ನಡುವೆ ಫೋನು. ಬೆಳಿಗ್ಗೆ ಒರೆಸಿದ ಕಿಟಕಿ ಮಧ್ಯಾಹ್ನಕ್ಕೆ ಅದಿರಿನ ಧೂಳಿಗೆ ಕೆಂಪು. ಮದುವೆ ಪೆಂಡಾಲು ದೊಡ್ಡದು, ಗೇಟು ದೊಡ್ಡದು, ಗೇಟಿನ ನಾಯಿಯೂ ದೊಡ್ಡದು. ಇಂಥ ಊರಲ್ಲಿ 'ಸಣ್ಣದು ಸಾಕು' ಅನ್ನಲು ಬಾಯಿ ಬರಬೇಕಲ್ಲ?

ನನಗೆ ಬರಲಿಲ್ಲ. ಅಷ್ಟೇ ಆಗಿದ್ದರೆ ಹೇಡಿತನ ಎಂದು ಸುಮ್ಮನಾಗಬಹುದಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಅವನಿಗೆ ಕಾರಣವನ್ನೂ ಒದಗಿಸಿದೆ.

"ಒಂದು ಲೆಕ್ಕಕ್ಕ ಒಳ್ಳೇದ ಭಾವ. ಮುಂದಕ್ಕೂ ಬರ್ತೈತಿ."

ಮುಂದಕ್ಕೂ ಬರ್ತೈತಿ! ನಾವೆಲ್ಲ ಈ ಮಾತಿನೊಳಗೇ ಬೆಳೆದವರು. ಸಾಲಿ ಅಂಗಿ ಮೊಣಕೈ ದಾಟಿ ಜೋತಾಡುತ್ತಿತ್ತು, ಮುಂದಕ್ಕೆ ಬರುತ್ತದೆ ಎಂದು. ಚಪ್ಪಲಿಯ ಮುಂದೆ ಬಟ್ಟೆ ತುರುಕಿಕೊಂಡು ನಡೆದೆವು. ಸೈಕಲ್ಲಿನ ಸೀಟು ಎಟುಕದೆ, ಪೈಪಿನ ಕೆಳಗೆ ಕಾಲು ತೂರಿಸಿ ಪೆಡಲ್ ತುಳಿದೆವು. ಬಿದ್ದೆವು, ಎದ್ದೆವು, ಯಾರೂ ಸಾಯಲಿಲ್ಲ. ಪಟವೂ ಹಾಗೇ ಎಂದುಕೊಂಡೆನೇ? ಇಲ್ಲ. ಭಾವ ಖುಷಿಯಾದರೆ ಸಾಕು ಎಂದುಕೊಂಡೆ.

ಗೋವಾದ ಮಾರಾಟಗಾರನಿಗೆ ಭಾವನ ಮನೆಯಿಂದಲೇ ಫೋನ್ ಹಚ್ಚಿದೆವು. ಇಂಗ್ಲಿಷ್ ಮೇಷ್ಟ್ರು ನಾನಲ್ಲವೇ, ಮಾತು ನನ್ನದು. ಆತ ಮೊದಲು ಕೇಳಿದ್ದೇ, ಸವಾರರ ತೂಕ ಎಷ್ಟು?

ನಾನು ಫೋನಿಗೆ ಕೈ ಅಡ್ಡ ಹಿಡಿದು ಭಾವನ ಮುಖ ನೋಡಿದೆ. "ನಲವತ್ತಾರು ಅಂದ್ರ ದೊಡ್ಡದು ಕೊಡಂಗಿಲ್ಲ."

"ನಂದು ಹೇಳ್ರಿ" ಅಂದ ಭಾವ.

ನೈಂಟಿ ಅಂದೆ.

ಆ ಕಡೆಯವನು ಒಳ್ಳೆಯ ಮನುಷ್ಯ. ತೊಂಬತ್ತಕ್ಕೆ ಹದಿನಾಲ್ಕು ಆಗುತ್ತದೆ, ಆದರೆ ತಂಗಾಳಿಗೆ ಮಾತ್ರ, ಜೋರು ಗಾಳಿಯಲ್ಲಿ ಅದನ್ನು ಚೀಲದಿಂದ ಹೊರಗೇ ತೆಗೆಯಬೇಡಿ ಎಂದ. ಅದನ್ನು ನಾನು ಭಾವನಿಗೆ ಕನ್ನಡದಲ್ಲಿ ಹೇಳಲೇ ಇಲ್ಲ. (ತೂಕದ ವಿಷಯದಲ್ಲಿ ಸುಳ್ಳು ಹೇಳುವುದು ಈಗ ನಮ್ಮ ಕಡೆ ಯಾರಿಗೂ ಹೊಸದಲ್ಲ. ಅದಿರಿನ ಲಾರಿ ಓಡುವ ರಸ್ತೆಯ ಗುಂಡಿಗಳನ್ನು ಕೇಳಿ, ಹೇಳುತ್ತವೆ.)

ಚೀಲ ಬಂತು. ಚೈತ್ರಾ ಜಿಪ್ ಎಳೆದು, ಮೇಲೆ ಬರೆದಿದ್ದ ಅಂಕಿ ನೋಡಿ, ನನ್ನನ್ನು ನೋಡಿದಳು. ನಾನು ಫ್ಯಾನಿನ ಸ್ಪೀಡು ಜಾಸ್ತಿ ಮಾಡಲು ಎದ್ದು ಹೋದೆ.

ಭಾನುವಾರ. ಕುರುಗೋಡಿನ ಕೆರೆ ಹತ್ತಿರವಿತ್ತು, ಆದರೆ ಬಂಡೆಗುಡ್ಡದ ಮಗ್ಗುಲಿನ ಗಾಳಿ ಒಮ್ಮೆ ಬಡಿದು ಒಮ್ಮೆ ಸಾಯುತ್ತದೆ, ಬೇಡ ಎಂದವಳು ಚೈತ್ರಾಳೇ. ಹಾಗಾಗಿ ಸಿರುಗುಪ್ಪ ದಾಟಿ ರಾರಾವಿ ಕಡೆ ಹೋದೆವು. ಭಾವ, ಚೈತ್ರಾ, ನಾನು, ಡ್ರೈವರ್. ಆಷಾಢದ ಗಾಳಿ ಎಂದರೆ ನಿಮಗೆ ಗೊತ್ತಲ್ಲ, ಕಾರಿನ ಬಾಗಿಲು ತೆರೆದರೆ ಕಿತ್ತುಕೊಂಡು ಹೋಗುವಂಥದ್ದು. ಉಸುಕು ನೆಲದ ಮೇಲೆ ಹೊಗೆಯ ಹಾಗೆ ಓಡುತ್ತಿತ್ತು.

ಚೈತ್ರಾ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು, "ಮಾಮಾ, ಇವತ್ತು ಬ್ಯಾಡ. ಈ ಪಟ ಬಿಲ್ಕುಲ್ ಬ್ಯಾಡ. ಅಪ್ಪಾಗ ನೀವು ಹೇಳ್ರಿ, ನಾ ಹೇಳಿದ್ರ ಕೇಳಂಗಿಲ್ಲ."

ನಾನು, "ಭಾವ, ಗಾಳಿ ಜರಾ ಜೋರೈತಿ ಅನ್ನಸ್ತೈತಿ" ಅಂದೆ. ಜರಾ! ಅನ್ನಸ್ತೈತಿ!

"ಗಾಳಿ ಇಲ್ದ ಪಟ ಹಾರ್ತೈತೇನ್ರಿ?" ಅಂದ ಭಾವ. "ಮೊದಲು ನಾ ನೋಡ್ತೀನಿ. ಆಮ್ಯಾಲೆ ಅಕಿ." ಸೊಂಟದ ಪಟ್ಟಿಯನ್ನು ತಾನೇ ಕಟ್ಟಿಕೊಂಡ. ಡ್ರೈವರ್ ದೂರದಲ್ಲಿ ಪಟ ಎತ್ತಿ ಹಿಡಿದ. ಚೈತ್ರಾ ಬೇಡ ಬೇಡ ಎಂದು ಕೈ ಬೀಸುತ್ತಿದ್ದಳು. ಡ್ರೈವರ್ ನೋಡಿದ್ದು ಯಜಮಾನನ ಕೈಯನ್ನು.

ಮುಂದಿನದು ನಿಮಗೆ ಗೊತ್ತು.

ಒಂದು ಮಾತ್ರ ಹೇಳುತ್ತೇನೆ. ಈ ಪಟದ ಹಿಡಿಯನ್ನು ಎದೆಗೆ ಎಳೆದುಕೊಂಡಷ್ಟೂ ಪಟ ಬಲವಾಗುತ್ತದೆ. ಕೈ ಬಿಟ್ಟರೆ ಸೊರಗುತ್ತದೆ. ಚೈತ್ರಾ ಹಿಂದೆಯೇ ಓಡುತ್ತ ಕೂಗುತ್ತಿದ್ದಳು, "ಅಪ್ಪಾ ಕೈ ಬಿಡು! ಅಪ್ಪಾ, ಕೈ ಬಿಡು!" ಈಗ ಬಳ್ಳಾರಿಯಲ್ಲಿ ಯಾರಿಗಾದರೂ ಕೈ ಬಿಡು ಎಂದರೆ ಬಿಡುತ್ತಾರೆಯೇ? ಭಾವ ಇನ್ನೂ ಗಟ್ಟಿ ಹಿಡಿದ. ಜಾಲಿಗೆ ಪಟ ಸಿಕ್ಕಿ ಒಂದು ಕ್ಷಣ ತಡೆದಾಗ ಹುಡುಗಿ ಅವನ ಮೇಲೆ ಬಿದ್ದು ಸೊಂಟದ ಹತ್ತಿರ ಪಟ ಕಳಚಲೆಂದೇ ಇರುವ ಕೆಂಪು ಹಿಡಿಯನ್ನು ನೂಕಿದಳು. ದಾರ ಬಿಚ್ಚಿಕೊಂಡಿತು, ಪಟ ಸತ್ತು ಬಿತ್ತು. ನಾನು ನಿಂತಲ್ಲೇ ನಿಂತಿದ್ದೆ, ಕೈಯಲ್ಲಿ ಎಲ್ಲರ ಚಪ್ಪಲಿ ಹಿಡಿದುಕೊಂಡು.

ಕಾಲರ್ ಬೋನ್ ಮುರಿದಿದೆ. ಕೈ ಜೋಳಿಗೆಯಲ್ಲಿದೆ. ಅಕ್ಕ ಆಸ್ಪತ್ರೆಯಲ್ಲೇ ತೀರ್ಪು ಕೊಟ್ಟಳು. "ಹೆಣ್ಣುಡುಗಿಗೆ ಯಾಕ ಬೇಕಿತ್ತು ಈ ಆಟ? ಅಪ್ಪನ ಜೀವ ತಗೀತಿದ್ಲು. ಸಾಕು. ಗೋವಾನೂ ಬ್ಯಾಡ, ಪಟಾನೂ ಬ್ಯಾಡ." ಚೈತ್ರಾ ನನ್ನ ಕಡೆ ನೋಡಿದಳು. ನಾನು ಎಕ್ಸ್-ರೇ ತರಲು ಹೋದೆ. (ಎಕ್ಸ್-ರೇ ಆಗಲೇ ಬಂದಿತ್ತು.)

ಮೂರು ದಿನ ಹಾಗೇ ತಿರುಗಿದೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಕಿಟಕಿ ಪಟಪಟ ಎಂದರೆ ಹೋಗಿ ಚಿಲಕ ಹಾಕಿ ಬರುತ್ತಿದ್ದೆ. ಭಾವನ ಬದಲು ನಲವತ್ತಾರು ಕೆಜಿಯ ಆ ಕೂಸು ಪಟ್ಟಿ ಕಟ್ಟಿಕೊಂಡಿದ್ದರೆ? ಈ ಪ್ರಶ್ನೆಯ ಹತ್ತಿರ ಹೋಗುವುದು, ಓಡಿ ಬರುವುದು. ಇಷ್ಟೇ ಕೆಲಸ.

ಬುಧವಾರ ಬೈಪಾಸ್ ಹತ್ತಿರ ಖಾದರ್ ಸಾಬ್ ನನ್ನ ಸ್ಕೂಟರ್ ನಿಲ್ಲಿಸಿದರು. ಅದಿರಿನ ಲಾರಿಗಳಿಗೆ ಟಾರ್ಪಾಲು ಹೊಲಿಯುವುದು ಅವರ ಈಗಿನ ಕೆಲಸ. ನಾನು ಸಾಲಿಗೆ ಹೋಗುವಾಗ ಆಷಾಢ ಬಂತೆಂದರೆ ಓಣಿಗೆಲ್ಲ ಅವರೇ ಗಾಳಿಪಟ ಕಟ್ಟಿ ಕೊಡುತ್ತಿದ್ದರು. ಯಾವ ಬಣ್ಣ ಬೇಕು ಎಂದು ಕೇಳಿದವರಲ್ಲ. ಕೈ ಚಾಚು ಅನ್ನುವರು. ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡುವರು, ತಲೆ ಎತ್ತಿ ಬೇವಿನ ಮರ ಹೇಗೆ ಆಡುತ್ತಿದೆ ನೋಡುವರು, ಆಮೇಲೆ ಪಟ ಕೊಡುವರು.

ಅಂಗಡಿಯೊಳಗೆ ನಮ್ಮ ಆ ಹದಿನಾಲ್ಕರ ಪಟ ಬಿದ್ದಿತ್ತು, ಹರಿದ ಅಂಚಿನಲ್ಲಿ ಇನ್ನೂ ಜಾಲಿಮುಳ್ಳು. ಕತ್ತರಿಸಿ ಕಾರಿಗೆ ಹೊದಿಕೆ ಮಾಡಿಕೊಡಿ ಎಂದು ಅಕ್ಕ ಕಳಿಸಿದ್ದಳಂತೆ.

"ಮೇಷ್ಟ್ರ, ಕತ್ತರಿ ಹಚ್ಚಾಕ ನನಗ ಮನಸಿಲ್ಲ. ಇದು ಯಾರ ಕೈಗೆ ತಂದದ್ದು?"

"ಚೈತ್ರಾಗ."

"ತೋಬಾ! ಆ ಕೂಸಿಗೆ?" ಅವರು ಅಂಚಿನಿಂದ ಒಂದು ಮುಳ್ಳು ಕಿತ್ತು ಬಿಸಾಡಿದರು. "ಆಷಾಢದಾಗ ನಿಮಗ ಎಷ್ಟು ಅಗಲದ ಪಟ ಕೊಡ್ತಿದ್ದೆ, ನೆನಪೈತೇನ್ರಿ?"

"ಅಂಗೈ ಅಗಲದ್ದು."

"ದೊಡ್ಡದು ಬೇಕಂತ ಕೆಳಗ ಬಿದ್ದು ಹೊರಳಾಡಿ ಅತ್ರಿ. ಕೊಟ್ನೇನು?"

"ಇಲ್ಲ."

"ಮತ್ತ?"

ಆ 'ಮತ್ತ' ಕಿವಿಯಲ್ಲಿಟ್ಟುಕೊಂಡೇ ಸ್ಕೂಟರನ್ನು ನೇರ ಭಾವನ ಮನೆಗೆ ಬಿಟ್ಟೆ. ಭಾವ ದಿಂಬಿಗೊರಗಿ ಕೂತಿದ್ದ, ಎಡಗೈಯಲ್ಲಿ ಫೋನು. ಅಕ್ಕ ಗಂಜಿ ಆರಿಸುತ್ತಿದ್ದಳು. ಚೈತ್ರಾ ಹೊಸ್ತಿಲಲ್ಲಿ ಕೂತು ತುಂಡು ದಾರಕ್ಕೆ ಗಂಟು ಹಾಕುವುದು, ಬಿಚ್ಚುವುದು ಮಾಡುತ್ತಿದ್ದಳು. ನಾನು ಕೂರಲಿಲ್ಲ, ನಿಂತೇ ಹೇಳಿದೆ. ಅವಳು ಏಳು ಕೇಳಿದ್ದು ಸರಿ ಎಂದು ನನಗೆ ಮೊದಲೇ ಗೊತ್ತಿತ್ತು ಎಂದೆ. ಮುಂದಕ್ಕೆ ಬರುತ್ತದೆ ಎಂದು ಹೇಳಿದ್ದು ಬರೀ ನಿನ್ನ ಖುಷಿಗೆ ಎಂದೆ. ಜೋರು ಗಾಳಿಯಲ್ಲಿ ಚೀಲವನ್ನೇ ಬಿಚ್ಚಬೇಡಿ ಎಂದು ಗೋವಾದ ಮಾರಾಟಗಾರ ಹೇಳಿದ್ದನ್ನು ಮುಚ್ಚಿಟ್ಟೆ ಎಂದೆ. ಹೊಳೆಯ ಹತ್ತಿರ ಬೇಡ ಎಂದವಳೂ ಇವಳೇ, ನಿನ್ನನ್ನು ಉಳಿಸಿದವಳೂ ಇವಳೇ ಎಂದೆ.

ಭಾವ ಫೋನು ಕೆಳಗಿಟ್ಟ. ಅದು ಬಾರಿಸುತ್ತಲೇ ಇತ್ತು, ಎತ್ತಲಿಲ್ಲ.

"ಮೊದಲು ಅಕಿ ಕಟ್ಟಿಕೊಂಡಿದ್ರ ಮೇಷ್ಟ್ರ?"

ಭಾವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನಗೂ ಬಂತು. ಅಕ್ಕ ಗಂಜಿ ಬಟ್ಟಲು ಹಿಡಿದುಕೊಂಡೇ ಮಗಳ ಪಕ್ಕ ಹೋಗಿ ಕೂತಳು.

"ಎದ್ದು ಹೋಗ್ರಿ" ಅಂದ ಭಾವ. ನಾನು ನಿಂತೇ ಇದ್ದೆ, ಹಾಗಾಗಿ ಬರೀ ಹೋದೆ.

ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಒಳಗಿನಿಂದ ಕೇಳಿಸಿತು. "ಚೈತ್ರಾ, ಆ ಗೋವಾದವಗ ಹಚ್ಚು. ಆ ಹರಿದ ಪಟ ವಾಪಸ್ ತಗೊಂಡು ಏಳರದ್ದು ಕಳಿಸ್ತಾನೇನು ಕೇಳು. ನಾ ಮಾತಾಡಂಗಿಲ್ಲ. ನೀನ ಮಾತಾಡು."

ಫೋನಿನ ಗುಂಡಿ ಒತ್ತುವ ಸದ್ದು. ಆಮೇಲೆ ಹುಡುಗಿಯ ದನಿ, ನಿಧಾನವಾಗಿ, ಒಂದೊಂದೇ ಪದ: "ರೈಡರ್ ನಾನೇ. ಫಾರ್ಟಿ ಸಿಕ್ಸ್."

ಈ ಭಾನುವಾರದ ಊಟಕ್ಕೆ ನನ್ನನ್ನು ಕರೆದಿಲ್ಲ. ಕರೆಯಬಾರದು ಕೂಡ. ಅಲ್ಲಿ ಇಲ್ಲಿ ಅಡ್ಡಾಡುತ್ತ ಒಂದೇ ಮಾತು ಯೋಚಿಸುತ್ತಿದ್ದೇನೆ, ನಿಮ್ಮನ್ನೂ ಕೇಳಿಬಿಡುತ್ತೇನೆ: ನಿಮ್ಮ ಮಗಳಿಗೆಂದು ಕಳೆದ ಸಲ ಏನೋ ಆರಿಸಿದಿರಲ್ಲ, ಆಗ ಯಾರ ತೂಕ ಹೇಳಿದಿರಿ?